ತಿಪಟೂರಿಗೆ ಕಾದಿರಿಸಿದ ಹಲ್ಲು

ನನ್ನ ಪಾಲಿನ ಕೊನೆಯ ಮಾಮೂಲಿ ದಿನ ಒಂದು ಭಾನುವಾರ. ಅಂದು ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ನಾನು ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಟೀ ಚಮಚ ಹಿಡಿದುಕೊಂಡು, ಬಾಯಿ ಅಗಲಿಸಿ ಮಗಳ ಅಡುಗೆಮನೆಯಲ್ಲಿ ನಿಂತಿದ್ದೆ.

ಮಗಳು ಪಲ್ಲವಿ ಇರುವುದು ಮೆಲ್ಬರ್ನಿನ ಕ್ರಾನ್‌ಬರ್ನ್‌ನಲ್ಲಿ. ನಾನು ಮತ್ತು ನಮ್ಮ ಯಜಮಾನರು ಸಿಡ್ನಿಯ ಗಿರಾವೀನ್‌ನವರು. ಸೋಮವಾರವೂ ರಜೆ ಸಿಕ್ಕಿತ್ತೆಂದು ಕಾರಿನಲ್ಲಿ ಇಡೀ ಒಂದು ದಿನ ಕುಳಿತು ಅವಳ ಮನೆಗೆ ಹೋಗಿದ್ದೆವು. ದಾರಿಯುದ್ದಕ್ಕೂ ನನ್ನ ಎಡಗಡೆಯ ಕೆಳದವಡೆಯ ಹಲ್ಲು ರಸ್ತೆಯ ಪ್ರತಿಯೊಂದು ಗುಂಡಿಯನ್ನೂ ನನಗೆ ಪರಿಚಯ ಮಾಡಿಕೊಟ್ಟಿತ್ತು. ಈ ದೇಶದ ಹೆದ್ದಾರಿಯಲ್ಲಿ ಗುಂಡಿಗಳೇ ಇಲ್ಲ ಎಂದು ಯಜಮಾನರು ವಾದಿಸಿದರು. ಅವು ಅವರಿಗೆ ಕಾಣುವುದಿಲ್ಲ, ಹಲ್ಲುನೋವಿನವರಿಗೆ ಮಾತ್ರ ಕಾಣುತ್ತವೆ.

ಫೋನಿನ ಆ ಕಡೆ ತಿಪಟೂರಿನಲ್ಲಿ ನನ್ನ ತಮ್ಮ ನಾಗರಾಜ ಇದ್ದ. ಊರಿಗೆಲ್ಲ ಅವನು ಹಲ್ಲಿನ ಡಾಕ್ಟರು. ನನಗೆ ನಾಗು.

"ಬಾಯಿ ತೆಗ್ದಿದ್ದೀಯಾ?" ಎಂದ.

"ಆಂ."

"ಫೋನು ಕೆನ್ನೆಗೆ ಒತ್ತಿ ಹಿಡ್ಕೋ. ಚಮಚದ ಹಿಡೀಲಿ ಮೆಲ್ಲಗೆ ತಟ್ಟು. ಮೊದ್ಲು ಪಕ್ಕದ ಹಲ್ಲು."

ತಟ್ಟಿದೆ. ಏನೂ ಆಗಲಿಲ್ಲ.

"ಈಗ ಅದು."

ತಟ್ಟಿದೆ. ನಾನು ಕಿರುಚಿದ್ದಕ್ಕೆ ಪಕ್ಕದ ಮನೆಯ ನಾಯಿ ಬೊಗಳಿತು. ಮಗಳು "ಓ ಮೈ ಗಾಡ್, ಮಮ್!" ಎಂದು ಓಡಿ ಬಂದಳು.

"ಶಬ್ದ ಹೇಗಿತ್ತೋ?" ಎಂದು ಕೇಳಿದೆ, ಕಣ್ಣು ಒರೆಸಿಕೊಳ್ಳುತ್ತ.

"ಹಲ್ಲಿನ ಶಬ್ದ ಫೋನಲ್ಲಿ ಯಾರಿಗಕ್ಕಾ ಕೇಳ್ಸುತ್ತೆ? ನೀನು ಕಿರುಚೋ ಶಬ್ದ ಕೇಳ್ಬೇಕಿತ್ತು, ಕೇಳ್ತು. ಒಳಗೆ ನರದವರೆಗೂ ಹೋಗಿದೆ. ನಾಳೇನೇ ಅಲ್ಲಿ ಯಾರಿಗಾದ್ರೂ ತೋರ್ಸು."

"ಡಿಸೆಂಬರ್‌ಗೆ ಬರ್ತೀನಲ್ಲೋ. ಟಿಕೆಟ್ ಆಗಿದೆ. ನೀನೇ ನೋಡು."

"ಹಲ್ಲಿಗೇನು ನಿನ್ನ ಟಿಕೆಟ್ ತೋರ್ಸಿದ್ದೀಯಾ? ನಾನೇನು ಆ ಹಲ್ಲನ್ನ ಗುತ್ತಿಗೆ ತಗೊಂಡಿದ್ದೀನಾ? ಆಸ್ಟ್ರೇಲಿಯಾದಲ್ಲಿ ಕೂತ್ಕೊಂಡು ತಿಪಟೂರಿನ ಡಾಕ್ಟ್ರಿಗೆ ಕಾಯ್ತೀಯಲ್ಲ, ನಿನಗೆ ಬುದ್ಧಿ ಯಾವಾಗ ಬರುತ್ತೆ?"

"ನಿನ್ನನ್ನ ಬಿಟ್ಟು ಯಾರಿಗೂ ಬಾಯಿ ತೆಗೆಯಲ್ಲ."

"ಮೂವತ್ತು ವರ್ಷದಿಂದ ಊರಿಗೆಲ್ಲ ತೆಗ್ದಿದ್ದೀಯಾ ಬಾಯಿನ, ಈಗ ನಾಚಿಕೇನಾ? ಆಯ್ತು, ಹಾಳಾಗಿ ಹೋಗು. ಎಡಗಡೆ ಅಗೀಬೇಡ. ಬಿಸಿ ಕಾಫಿ..."

ಅಷ್ಟರಲ್ಲಿ ಫೋನ್ ಕಾರ್ಡ್ ಮುಗಿಯಿತು. ಅದು ಕಾರ್ಡುಗಳ ಕಾಲ. ಇಂಡಿಯನ್ ಅಂಗಡಿಯಲ್ಲಿ ಕೊಂಡು, ಹಿಂದಿನ ಬೂದಿಬಣ್ಣದ ಪಟ್ಟಿಯನ್ನು ಉಗುರಿನಿಂದ ಕೆರೆದು, ಅಷ್ಟುದ್ದದ ನಂಬರು ಒತ್ತಿದರೆ ಒಬ್ಬ ಹೆಂಗಸು ನಮಗೆ ಎಷ್ಟು ನಿಮಿಷ ಉಳಿದಿದೆ ಎಂದು ಹೇಳುತ್ತಿದ್ದಳು. ಅವಳು ಹೇಳಿದಷ್ಟು ನಿಮಿಷ ಯಾವತ್ತೂ ಸಿಗುತ್ತಿರಲಿಲ್ಲ.

ಬುಧವಾರ ಮಧ್ಯಾಹ್ನ ನಾಗು ಕ್ಲಿನಿಕ್‌ನಲ್ಲಿ ಯಾರದೋ ಹಲ್ಲು ನೋಡಿ, ಕೈ ತೊಳೆಯಲು ಎದ್ದವನು, ಎದೆ ಹಿಡಿದುಕೊಂಡು ಅಲ್ಲೇ ಕುಳಿತ. ಮತ್ತೆ ಏಳಲಿಲ್ಲ. ನಲವತ್ತೈದು ವಯಸ್ಸು. ನಮಗೆ ಸುದ್ದಿ ತಿಳಿದು, ಟಿಕೆಟ್ ಹುಡುಕುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೋಗಲಾಗಲಿಲ್ಲ.

ಹಲ್ಲುನೋವಿನ ಬಗ್ಗೆ ಬರೆಯುತ್ತೇನೆಂದು ಕುಳಿತು ಇದನ್ನು ಬರೆದಿದ್ದಕ್ಕೆ ಕ್ಷಮಿಸಬೇಕು. ಎರಡೂ ಒಟ್ಟಿಗೇ ಬಂದವು. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಲು ನನಗೆ ಬರುವುದಿಲ್ಲ.

ಡಿಸೆಂಬರ್‌ವರೆಗೆ ಹಲ್ಲು ಹಿಡಿದು ಕೂರುವುದು ಹುಚ್ಚುತನ ಎಂದು ನಿಮಗೆ ಅನ್ನಿಸಬಹುದು. ಆದರೆ ಗಿರಾವೀನ್‌ನಲ್ಲಿ ಆಗ ನಾವೆಲ್ಲ ಹಾಗೇ ಇದ್ದೆವು. ಇಲ್ಲಿ ಜ್ವರಕ್ಕೆ ಡಾಕ್ಟರು ಸುಲಭ, ಹಲ್ಲಿಗೆ ದುಬಾರಿ. ಹಾಗಾಗಿ ಪ್ರತಿಯೊಂದು ಮನೆಯಲ್ಲೂ ಇಂಡಿಯಾಕ್ಕೆ ಎಂದು ಎತ್ತಿಟ್ಟ ರಿಪೇರಿಗಳು ಇರುತ್ತಿದ್ದವು. ಒಬ್ಬರು ಹೊಸ ಕನ್ನಡಕ ಎತ್ತಿಟ್ಟಿದ್ದರು, ಒಬ್ಬರು ಮಂಡಿ ಎತ್ತಿಟ್ಟಿದ್ದರು. ನಮ್ಮ ಹಿಂದಿನ ರಸ್ತೆಯ ಸರೋಜಮ್ಮನವರ ಯಜಮಾನರು ತಮ್ಮ ಇಡೀ ಬಾಯನ್ನೇ ಎರಡು ವರ್ಷದಿಂದ ಬೆಂಗಳೂರಿಗೆಂದು ಎತ್ತಿಟ್ಟಿದ್ದರು. ಹಬ್ಬದ ಊಟದಲ್ಲಿ ಅವರು ಕೋಸಂಬರಿಯ ಕಡಲೆಬೇಳೆಯನ್ನು ಒಂದೊಂದಾಗಿ ಆರಿಸಿ ಎಲೆಯ ಅಂಚಿಗಿಡುವುದನ್ನು ನೋಡಿದರೆ, ಇವರ ಪ್ರಯಾಣ ಇನ್ನೆಷ್ಟು ದೂರವಿದೆ ಎಂದು ಅಂದಾಜು ಮಾಡಬಹುದಿತ್ತು.

ನನಗಂತೂ ಹಲ್ಲನ್ನು ಕಾದಿರಿಸುವುದು ಹೊಸದೇನಾಗಿರಲಿಲ್ಲ. ಇದೇ ಹಲ್ಲನ್ನು ಇದೇ ತಮ್ಮನಿಗಾಗಿ ಹಿಂದೊಮ್ಮೆ ಕಾದಿರಿಸಿದ್ದೆ.

ಆಗ ಅವನು ತುಮಕೂರಿನಲ್ಲಿ ಹಲ್ಲಿನ ಡಾಕ್ಟರಿಕೆಯ ಕೊನೆಯ ವರ್ಷ ಓದುತ್ತಿದ್ದ. ನನಗೆ ಹೊಸದಾಗಿ ಮದುವೆಯಾಗಿತ್ತು. ಪರೀಕ್ಷೆಗೆ ಹುಡುಗರೇ ರೋಗಿಗಳನ್ನು ಹುಡುಕಿ ತರಬೇಕಿತ್ತಂತೆ. ಸುಮ್ಮನೆ ಯಾವ ಹಲ್ಲಾದರೂ ಆಗದು. ಎರಡು ಹಲ್ಲು ತಾಗುವ ಜಾಗದಲ್ಲಿ ಸರಿಯಾದ ಅಳತೆಯ ಹುಳುಕು ಇರಬೇಕು. ಅಂಥ ಹಲ್ಲು ಸಿಕ್ಕರೆ ಹುಡುಗರು ಅದನ್ನು ಯಾರಿಗೂ ತೋರಿಸದೆ ಬಚ್ಚಿಡುತ್ತಿದ್ದರು. ಕೆಲವರು ಬಸ್ ಸ್ಟ್ಯಾಂಡಿನಲ್ಲಿ ನಿಂತು, ಆಕಳಿಸುವವರ ಬಾಯಿ ನೋಡುತ್ತಿದ್ದರಂತೆ.

ಒಂದು ದಿನ ಮನೆಗೆ ಬಂದವನು, ನಾನು ಯಾವುದೋ ಮಾತಿಗೆ ನಕ್ಕಾಗ ತಟ್ಟನೆ ನನ್ನ ಗದ್ದ ಹಿಡಿದುಕೊಂಡ. ಟಾರ್ಚು ತಂದ. ಕನ್ನಡಿ ತಂದ. ಲಾಟರಿ ಹೊಡೆದವನ ಮುಖವಾಯಿತು ಅವನದು.

"ಅಕ್ಕಾ, ಎಂಥಾ ಹುಳುಕಿದೆ ನಿಂಗೆ! ಪುಸ್ತಕದಲ್ಲಿ ಇದ್ದಂಗೇ ಇದೆ. ಇದನ್ನ ಯಾರಿಗೂ ಕೊಡಬೇಡ. ಮೂರು ತಿಂಗಳು ತಡ್ಕೋ."

"ನೋಯುತ್ತಲ್ಲೋ."

"ಲವಂಗ ಇಟ್ಕೋ. ಜಾಸ್ತಿ ಸಿಹಿ ತಿನ್ನಬೇಡ, ಹುಳುಕು ದೊಡ್ಡದಾಗ್ಬಿಡುತ್ತೆ, ಎಕ್ಸಾಮ್‌ಗೆ ಆಗಲ್ಲ."

ಹೊಸ ಮದುಮಗಳು ಎಂದು ನೆಂಟರ ಮನೆಗಳಲ್ಲೆಲ್ಲ ಒಬ್ಬಟ್ಟು ಬಡಿಸುತ್ತಿದ್ದ ದಿನಗಳವು. ನಾನು ಬೇಡ ಬೇಡ ಎನ್ನುತ್ತಿದ್ದೆ. ನಮ್ಮ ಅತ್ತೆ ಸೊಸೆಯ ಸಂಕೋಚ ಕಂಡು ಸಂತೋಷಪಟ್ಟರು. ನಾನು ತಮ್ಮನ ಪರೀಕ್ಷೆಗೆ ಹುಳುಕು ಸಾಕುತ್ತಿದ್ದೇನೆ ಎಂದು ಅವರಿಗೆ ಹೇಳಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನದವರೆಗೆ ಕುರ್ಚಿಯಲ್ಲಿ ಬಾಯಿ ತೆರೆದು ಕುಳಿತೆ. ಅಕ್ಕ ಎಂದು ಯಾರಿಗೂ ಗೊತ್ತಾಗಬಾರದು ಎಂದು ಮೊದಲೇ ಹೇಳಿಕೊಟ್ಟಿದ್ದ. ಅವನ ಕೈ ನಡುಗುತ್ತಿತ್ತು. ಹಣೆಯ ಬೆವರು ನನ್ನ ಕೆನ್ನೆಗೆ ಬೀಳುತ್ತಿತ್ತು. ಇಂಜೆಕ್ಷನ್ ಅರ್ಧ ಹಿಡಿದಿತ್ತು, ಅರ್ಧ ಹಿಡಿದಿರಲಿಲ್ಲ. ಹೊರಗಿನಿಂದ ಬಂದಿದ್ದ ಪರೀಕ್ಷಕರು ನನ್ನ ಬಾಯೊಳಗೆ ಬಹಳ ಹೊತ್ತು ಇಣುಕಿ, "ನೋವಾಯ್ತೇನಮ್ಮಾ?" ಎಂದು ಕೇಳಿದರು.

"ಇಲ್ಲ ಸಾರ್. ಡಾಕ್ಟ್ರು ಬಹಳ ನಯವಾಗಿ ಮಾಡಿದ್ರು," ಎಂದೆ. ನಾನು ನಾಗುವಿಗೆ ಬಹುವಚನ ಹಾಕಿದ್ದು ಅದೊಂದೇ ಸಲ. ಅವನು ನಗು ತಡೆಯಲಾರದೆ ಕೆಮ್ಮಿದ.

ಆಮೇಲೆ ಮಸಾಲೆ ದೋಸೆ ಕೊಡಿಸಲು ಕರೆದುಕೊಂಡು ಹೋದ. ನನ್ನ ಅರ್ಧ ಮುಖ ಮರಗಟ್ಟಿತ್ತು. ದೋಸೆ ಯಾವುದು, ಕೆನ್ನೆ ಯಾವುದು ತಿಳಿಯುತ್ತಿರಲಿಲ್ಲ. ನನ್ನ ದೋಸೆಯನ್ನೂ ಅವನೇ ತಿಂದ. "ಪಾಸಾದ್ರೆ ನಿನ್ನ ಬಾಯಿಗೆ ಜೀವಮಾನವೆಲ್ಲ ನಾನೇ ಜವಾಬ್ದಾರಿ," ಎಂದ. ಪಾಸಾದ. ಆದರೆ ನಾನು ಕೆಲವೇ ವರ್ಷಗಳಲ್ಲಿ ಇಲ್ಲಿಗೆ ಬಂದೆ. ನನ್ನ ಉಳಿದ ಹಲ್ಲುಗಳು ಗಟ್ಟಿಯಾಗಿದ್ದವು, ಅವನಿಗೆ ಬೇರೆ ಅವಕಾಶ ಸಿಗಲಿಲ್ಲ. ನನ್ನ ಬಾಯಲ್ಲಿ ಅವನು ಮಾಡಿದ ಕೆಲಸ ಆ ಒಂದು ಬೆಳ್ಳಿಬಣ್ಣದ ಫಿಲ್ಲಿಂಗ್ ಮಾತ್ರ.

ಇಪ್ಪತ್ತಕ್ಕಿಂತ ಹೆಚ್ಚು ವರ್ಷ ತಡೆದು, ಈಗ ಅದರ ಅಡಿಯಲ್ಲೇ ನೋವು ಶುರುವಾಗಿತ್ತು.

ನಾಗು ಹೋದ ಮೇಲೆ ಗಿರಾವೀನ್‌ನವರು ನೋಡಲು ಬಂದರು. ಮದುವೆಯಾಗಿ ಹೋದ ಅಕ್ಕನಿಗೆ ಮೂರೇ ದಿನ ಸೂತಕ ಎಂದು ಸರೋಜಮ್ಮ ಹೇಳಿದರು. ಬಂದವರೆಲ್ಲ ನನ್ನ ಮುಖ ನೋಡಿ, "ಅಯ್ಯೋ, ಎಷ್ಟು ಅತ್ತಿದ್ದೀರಿ, ಹೆಂಗೆ ಊದಿಕೊಂಡಿದೆ," ಎನ್ನುತ್ತಿದ್ದರು. ನಾನು ತಲೆ ಬಗ್ಗಿಸುತ್ತಿದ್ದೆ. ನಿಜ ಹೇಳಬೇಕೆಂದರೆ ನಾನು ಅತ್ತೇ ಇರಲಿಲ್ಲ. ಅಳಲು ಬಾಯಿ ತೆರೆದರೆ ಗಾಳಿ ಹಲ್ಲಿಗೆ ತಾಗಿ ಪ್ರಾಣ ಹೋಗುತ್ತಿತ್ತು.

ಸರೋಜಮ್ಮ ಮಾತ್ರ ಹತ್ತಿರ ಕುಳಿತು ಮೆಲ್ಲಗೆ ಕೇಳಿದರು: "ಅಲ್ಲಾ ಕಣ್ರೀ, ಅತ್ರೆ ಎರಡೂ ಕಣ್ಣು ಊದಬೇಕು. ನಿಮಗೆ ಒಂದೇ ಕೆನ್ನೆ ಊದಿದೆಯಲ್ಲಾ?"

ಅಂದಿನಿಂದ ವೈದ್ಯ ಶುರುವಾಯಿತು. ಲವಂಗ, ಇಂಗು, ಉಪ್ಪುನೀರು, ಸೀಬೆ ಎಲೆ. ಸೀಬೆ ಎಲೆ ಯಾರದೋ ಹಿತ್ತಲಿನಿಂದ ಬಂತು. ಅದು ಸೀಬೆ ಎಲೆಯೇ ಅಲ್ಲ ಎಂದು ಎಲ್ಲ ಅಗಿದ ಮೇಲೆ ತಿಳಿಯಿತು. ಯಜಮಾನರು ಫ್ರೀಜರ್‌ನಿಂದ ಬಟಾಣಿ ಪ್ಯಾಕೆಟ್ಟು ತೆಗೆದು ಟವೆಲಿನಲ್ಲಿ ನನ್ನ ಕೆನ್ನೆಗೆ ಕಟ್ಟಿದರು. ಅದು ಕರಗಿದರೆ ಇನ್ನೊಂದು. ಕರಗಿದ ಬಟಾಣಿಯನ್ನು ಎಸೆಯಲಾಗುತ್ತದೆಯೇ? ಆ ತಿಂಗಳು ನಮ್ಮ ಮನೆಯಲ್ಲಿ ಪೂರಿ ಸಾಗು ತಿಂದು ಹೊಗಳಿದವರು ಇದನ್ನು ಓದುವುದಿಲ್ಲ ಎಂದು ನಂಬಿದ್ದೇನೆ.

ನಾನು ಕೆಲಸ ಮಾಡುವುದು ವೃದ್ಧರ ಆಶ್ರಮವೊಂದರ ಅಡುಗೆಮನೆಯಲ್ಲಿ. ಅಲ್ಲಿ ಡೋರೀನ್ ಎಂಬ ಅಜ್ಜಿ ಇದ್ದರು. ನನ್ನ ಕೆನ್ನೆ ನೋಡಿ, "ಎಲ್ಲವನ್ನೂ ಕೀಳಿಸಿಬಿಡು, ಲವ್. ಆಮೇಲೆ ಚಿಂತೆಯೇ ಇಲ್ಲ," ಎಂದರು. ಅವರ ಕಾಲದಲ್ಲಿ, ಅವರ ಕಡೆ, ಮದುವೆಗೆ ಮುಂಚೆ ಹೆಣ್ಣಿನ ಹಲ್ಲನ್ನೆಲ್ಲ ಕೀಳಿಸಿ ಹೊಸ ಸೆಟ್ಟು ಕಟ್ಟಿಸಿ ಕಳಿಸುತ್ತಿದ್ದರಂತೆ. ಮುಂದೆ ಗಂಡನಿಗೆ ಹಲ್ಲಿನ ಖರ್ಚು ಬರಬಾರದು, ಅದಕ್ಕೆ. "ಅಪ್ಪ ನನಗೆ ಕೊಟ್ಟ ಉಡುಗೊರೆ," ಎಂದು ಡೋರೀನ್ ಸೆಟ್ಟು ತೆಗೆದು ಟ್ರೇಯಲ್ಲಿ, ಹಿಸುಕಿದ ಆಲೂಗಡ್ಡೆಯ ಪಕ್ಕದಲ್ಲಿಟ್ಟು ತೋರಿಸಿದರು. ನಮ್ಮಲ್ಲಿ ಹೆಣ್ಣಿನ ಕಡೆಯವರು ಬಂಗಾರ ಹಾಕುತ್ತಾರೆ. ಹಲ್ಲು ಕಿತ್ತು ಕಳಿಸುವುದು ನಮಗೆ ಹೊಳೆದಿರಲಿಲ್ಲ.

ಅಂದು ಸಂಜೆ ಯಜಮಾನರಿಗೆ ಈ ಕಥೆ ಹೇಳಿದೆ. ಅವರು ನಕ್ಕು, "ಯಾವಾಗ ತೋರಿಸ್ತೀಯ ಹೇಳು," ಎಂದರು.

"ಡಿಸೆಂಬರ್‌ಗೆ ಹೋಗ್ತೀವಲ್ಲ, ತಿಪಟೂರಲ್ಲಿ ತೋರಿಸ್ತೀನಿ."

ಅವರು ಪೇಪರ್ ಕೆಳಗಿಟ್ಟರು. "ಯಾರಿಗೆ?" ಎಂದರು.

ನಾಗು ಹೋಗಿ ಎರಡು ವಾರದ ಮೇಲಾಗಿತ್ತು. ಬಂದವರಿಗೆಲ್ಲ ಅವನು ಹೇಗೆ ಹೋದ ಎಂದು ನಾನೇ ವಿವರಿಸಿದ್ದೆ. ಆದರೂ ಆ ಕ್ಷಣದವರೆಗೆ ಡಿಸೆಂಬರ್‌ನಲ್ಲಿ ಅವನು ಹಲ್ಲು ನೋಡುತ್ತಾನೆ ಎಂದೇ ನಾನು ಕಾಯುತ್ತಿದ್ದೆ. ಇದನ್ನು ಓದಿ ನೀವು ನಗಬಹುದು. ನನಗೂ ಈಗ ನಗು ಬರುತ್ತದೆ.

ಯಜಮಾನರ ಪ್ರಶ್ನೆಯ ಮೇಲೂ ನಾನು ಒಂದು ವಾರ ತಡೆದೆ. ಕಾರಣ ಅವರಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ. ಬೇರೆ ಯಾರು ಬಾಯಿ ನೋಡಿದರೂ ಮೊದಲು ಆ ಫಿಲ್ಲಿಂಗ್ ತೆಗೆಯುತ್ತಾರೆ ಎಂದು ನನಗೆ ಗೊತ್ತಿತ್ತು. ಅದು ಅವನ ಉತ್ತರಪತ್ರಿಕೆ. ನನ್ನ ಹತ್ತಿರ ಇದ್ದದ್ದು ಅದೊಂದೇ.

ಕೊನೆಗೆ ಬೇಳೆಕಟ್ಟನ್ನೂ ಸ್ಟ್ರಾ ಹಾಕಿ ಹೀರುವ ಸ್ಥಿತಿ ಬಂದಾಗ ಡೆಂಟಿಸ್ಟ್ ಕ್ಲಿನಿಕ್ಕಿಗೆ ನಾನೇ ಫೋನ್ ಮಾಡಿದೆ. ಅಲ್ಲಿಯ ಹುಡುಗಿ ಬಹಳ ಮರ್ಯಾದೆಯಿಂದ, ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಿದಳು. ನನ್ನ ನೋವಿಗೆ ನಾನೇ ಅಂಕ ಹಾಕಿಕೊಳ್ಳುವುದು! ಎಸ್ಸೆಸ್ಸೆಲ್ಸಿಯಲ್ಲೂ ನನಗೆ ಅಂಥ ಅಂಕಗಳೇನೂ ಬಂದಿರಲಿಲ್ಲ. ಹೆಚ್ಚು ಹೇಳಿದರೆ ಜಂಬ ಎಂದುಕೊಂಡಾಳು ಎಂದು ಸಂಕೋಚದಿಂದ "ಐದು" ಎಂದೆ. ಒಂಬತ್ತು ದಿನ ಬಿಟ್ಟು ಬನ್ನಿ ಎಂದಳು.

ವಿಷಯ ತಿಳಿದು ಸರೋಜಮ್ಮ ತಲೆ ಚಚ್ಚಿಕೊಂಡರು. "ಐದು ಅಂದ್ರಾ? ಇಲ್ಲಿ ಐದು ಅಂದ್ರೆ ಆರೋಗ್ಯವಾಗಿದ್ದಾರೆ ಅಂತ ಕಣ್ರೀ! ನಾನು ಹೆರಿಗೆಗೆ ಆರು ಅಂದು, ಕಾರಲ್ಲೇ ಆಗೋದಿತ್ತು!"

ಮಾರನೆಯ ಬೆಳಿಗ್ಗೆ ಯಜಮಾನರು ಫೋನ್ ತೆಗೆದುಕೊಂಡರು. ಗಂಟಲು ಸರಿಮಾಡಿಕೊಂಡು, "ಮೈ ವೈಫ್ ಈಸ್ ಇಲೆವೆನ್," ಎಂದರು. ಆ ಹುಡುಗಿ ನನ್ನನ್ನು ಏನೆಂದು ತಿಳಿದಳೋ, ಅಂದೇ ಎರಡು ಗಂಟೆಗೆ ಬರಲು ಹೇಳಿದಳು.

ಡೆಂಟಿಸ್ಟ್ ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡ ಹೆಣ್ಣುಮಗಳು. ತುಂಬ ನಯ. ಬಾಯಿ ತೆರೆದರೆ "ವಂಡರ್‌ಫುಲ್", ಮುಚ್ಚಿದರೆ "ಪರ್ಫೆಕ್ಟ್". ಬಾಯಿ ತೆರೆದು ಮುಚ್ಚುವುದಕ್ಕೆ ಇಷ್ಟು ಹೊಗಳಿಕೆ ನನಗೆ ಜೀವನದಲ್ಲಿ ಬಂದಿರಲಿಲ್ಲ. ದೀಪ ಸರಿಮಾಡಿ, ಕನ್ನಡಿ ಇಟ್ಟು ನೋಡಿದವಳು ದೀಪವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

"ಈ ಹಳೆಯ ಫಿಲ್ಲಿಂಗ್ ಯಾರು ಮಾಡಿದ್ದು? ಎಷ್ಟು ಚೆನ್ನಾಗಿ ಕೆತ್ತಿದ್ದಾರೆ! ನಿಜವಾದ ಹಲ್ಲಿನ ಗೆರೆಗಳೆಲ್ಲ ಇವೆ. ಈಗ ಯಾರೂ ಇಷ್ಟು ತಾಳ್ಮೆಯಿಂದ ಮಾಡುವುದಿಲ್ಲ," ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಆಮೇಲೆ, "ಆದರೆ ತೆಗೆಯಲೇಬೇಕು. ಅದರ ಅಡಿಯಲ್ಲೇ ಕೊಳೆತಿದೆ," ಎಂದಳು.

ನನ್ನ ತಮ್ಮ ಮಾಡಿದ್ದು, ಅವನು ವಿದ್ಯಾರ್ಥಿಯಾಗಿದ್ದಾಗ, ಕೈ ನಡುಗುತ್ತಿತ್ತು, ಎಂದು ಹೇಳಲು ಹೊರಟೆ. ಬಾಯಲ್ಲಿ ಅಷ್ಟರಲ್ಲಿ ಹತ್ತಿ, ಕನ್ನಡಿ, ಒಂದು ಕೊಳವೆ ಎಲ್ಲ ಇದ್ದವು. "ಆಂ ಆಂ ಆಂ," ಎಂದಿತು. ಆಕೆ ಕನಿಕರದಿಂದ ನೋಡಿ ಇನ್ನೊಂದು ಇಂಜೆಕ್ಷನ್ ಕೊಟ್ಟಳು.

ನೋವಾದರೆ ಎಡಗೈ ಎತ್ತಿ ಎಂದು ಹೇಳಿ ಯಂತ್ರ ಹಚ್ಚಿದಳು. ಅಷ್ಟು ವರ್ಷ ಇದ್ದದ್ದು ಹೋಗಲು ಎರಡು ನಿಮಿಷ ಸಾಕಾಯಿತು. ಪುಡಿಯೆಲ್ಲ ಆ ಕೊಳವೆಯಲ್ಲಿ ಎಳೆದುಕೊಂಡು ಹೋಯಿತು. ನನ್ನ ಕಣ್ಣಿನಿಂದ ನೀರು ಕಿವಿಯವರೆಗೆ ಇಳಿಯಿತು. ಮುಖದ ಅರ್ಧ ಮರಗಟ್ಟಿದ್ದರಿಂದ ಆ ಕಡೆಯ ನೀರು ನನಗೆ ತಿಳಿಯಲಿಲ್ಲ, ಆಕೆ ಒರೆಸಿದಾಗ ತಿಳಿಯಿತು. "ನೋಯುತ್ತಿದೆಯೇ? ಕೈ ಎತ್ತಬಹುದಿತ್ತಲ್ಲ," ಎಂದಳು. ನಾನು ಎತ್ತಿರಲಿಲ್ಲ. ನಾಗು ಹೋದ ಮೇಲೆ ಮೊದಲ ಸಲ ಅತ್ತದ್ದು ಆ ಕುರ್ಚಿಯಲ್ಲಿ, ಆಕೆಗೆ ತೊಂದರೆಯಾಗದಂತೆ, ಬಾಯಿ ತೆರೆದುಕೊಂಡೇ.

ಹಲ್ಲು ಉಳಿಯಿತು. ಮೂರು ಸಲ ಹೋಗಿ ಬಂದ ಮೇಲೆ ಬಿಳಿಯ ಫಿಲ್ಲಿಂಗ್ ಕೂತಿತು. ಕಣ್ಣಿಟ್ಟು ನೋಡಿದರೂ ಗೊತ್ತಾಗುವುದಿಲ್ಲ.

ಡಿಸೆಂಬರ್‌ನಲ್ಲಿ ತಿಪಟೂರಿಗೆ ಹೋದೆವು. ನಾಗುವಿನ ಹೆಂಡತಿ ಲಲಿತ ಬಾಗಿಲಲ್ಲೇ ನನ್ನನ್ನು ಹಿಡಿದುಕೊಂಡಳು. ಡಾಕ್ಟರ ಅಕ್ಕ ಬಂದಿದ್ದಾರೆ ಎಂದು ತಿಳಿದು ಜನ ಮಾತನಾಡಿಸಲು ಬಂದರು. ಮೊದಲು ಬಂದವರು ಒಬ್ಬ ಕೊಬ್ಬರಿ ವ್ಯಾಪಾರಿ. ಕುಳಿತರು, ನಿಟ್ಟುಸಿರು ಬಿಟ್ಟರು, ಆಮೇಲೆ ಬೆರಳಿನಿಂದ ತುಟಿ ಎಳೆದು, "ನೋಡಿ ತಾಯಿ, ಇದು ಡಾಕ್ಟ್ರು ಹಾಕಿದ್ದು. ಕೊಬ್ಬರಿ ಕಡಿದ್ರೂ ಜಗ್ಗಲ್ಲ," ಎಂದು ತೋರಿಸಿದರು. ಅವರ ಹಿಂದೆಯೇ ಬಂದ ಬಸ್ ಕಂಡಕ್ಟರ್, "ನಂದು ಮೇಲಿನ ಎರಡು," ಎಂದು ಕತ್ತು ಹಿಂದಕ್ಕೆ ಬಗ್ಗಿಸಿದರು. ಒಬ್ಬ ಹೆಂಗಸು ಮಗಳ ಮುಂದಿನ ಹಲ್ಲು ತೋರಿಸಿ, "ಇದರಿಂದಾನೇ ಸಂಬಂಧ ಕುದುರಿದ್ದು," ಎಂದು ಕಣ್ಣೀರು ಹಾಕಿದರು. ಲಲಿತ ಕಾಫಿ ತರುವ ಹೊತ್ತಿಗೆ ನಡುಮನೆಯಲ್ಲಿ ಮೂವರು ಬಾಯಿ ತೆರೆದುಕೊಂಡು ಕುಳಿತಿದ್ದರು, ನಾನು ಒಬ್ಬೊಬ್ಬರದನ್ನೂ ಬಗ್ಗಿ ನೋಡುತ್ತಿದ್ದೆ.

"ದಿನಾ ಹಿಂಗೇ ಅತ್ತಿಗೆ," ಎಂದಳು ಲಲಿತ. "ಯಾರೂ ಬರೀ ಮಾತಾಡಿ ಹೋಗಲ್ಲ."

ಕೊನೆಯಲ್ಲಿ ಬಂದವರು ಒಬ್ಬ ನಿವೃತ್ತ ಮೇಷ್ಟ್ರು. ತಮ್ಮ ಪೂರ್ತಿ ಸೆಟ್ಟು ನಾಗು ಕಟ್ಟಿದ್ದು ಎಂದು ಹೇಳಿ, ಅದನ್ನು ತೆಗೆದು ತೋರಿಸಿ, ಮತ್ತೆ ಹಾಕಿಕೊಂಡರು. ಆಮೇಲೆ, "ಸ್ವಂತ ಅಕ್ಕ ಅಂದ್ಮೇಲೆ ನಿಮ್ಮ ಬಾಯಲ್ಲೂ ಅವರ ಕೈಕೆಲಸ ಇರ್ಬೇಕಲ್ಲಮ್ಮಾ, ಎಲ್ಲಿ ತೋರ್ಸಿ," ಎಂದು ಕನ್ನಡಕ ಹಾಕಿಕೊಂಡರು.

ನಾನು ಬಾಯಿ ತೆರೆದೆ. ಅವರು ಬಗ್ಗಿ, ಈ ಕಡೆ ಆ ಕಡೆ ನೋಡಿದರು. "ಏನೂ ಕಾಣಲ್ವಲ್ಲಾ," ಎಂದರು.

ತಿಪಟೂರಿನಲ್ಲಿ ಅರ್ಧ ಊರಿನ ಬಾಯಲ್ಲಿ ನನ್ನ ತಮ್ಮನ ಕೆಲಸ ಇದೆ. ನನ್ನ ಬಾಯಲ್ಲಿ ಇಲ್ಲ.